ಬಸ್ ಹತ್ತುವುದು ಕೊನೆಗೆ: ಉತ್ತರ ಕನ್ನಡದಲ್ಲಿದ್ದುಕೊಂಡು ಹಾರ್ಮೋನ್ ಡಾಕ್ಟರ್ ಹುಡುಕುವ ಸಮಗ್ರ ಮಾರ್ಗದರ್ಶಿ

"ಅಕ್ಕಾ, ಹುಬ್ಬಳ್ಳಿಗೆ ಹೋಗಿ ಬಂದೆ. ಡಾಕ್ಟ್ರು ಇದನ್ನೆಲ್ಲ ನೋಡಲ್ಲ ಅಂದ್ರು." "ಅಕ್ಕಾ, ಮಣಿಪಾಲದ ತನಕ ಹೋದೆ, ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು." ಹಾರ್ಮೋನ್ ಚಿಕಿತ್ಸೆ ಶುರು ಮಾಡಬೇಕು ಅಂತಿರುವ ಟ್ರಾನ್ಸ್ ಜನರಿಂದ ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇಂಥವೇ. ಊರು ಬೇರೆ, ಹೆಸರು ಬೇರೆ, ತಪ್ಪು ಮಾತ್ರ ಒಂದೇ: ಎಲ್ಲರೂ ಮೊದಲು ಬಸ್ ಹತ್ತುತ್ತಾರೆ.

ನಾನು ಕುಮಟಾದವಳು, ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಅಂತ ಬರೆಸಿದ್ದರೂ ಹೆಣ್ಣಾಗಿ ಬದುಕುವವಳು. ನಾನೂ ಹೀಗೇ ಎಡವಿದವಳು. ಬೆಳಗಿನ ಕತ್ತಲಲ್ಲಿ ಹೊರಟು, ದೇವಿಮನೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳೆಸಿಕೊಂಡು, ಘಟ್ಟದ ಮೇಲಿನ ಒಂದು ದೊಡ್ಡ ಆಸ್ಪತ್ರೆ ತಲುಪಿದೆ. ಚೀಟಿ ಮಾಡಿಸಿ ಮೂರು ಗಂಟೆ ಕಾದೆ. ಕೌಂಟರಿನವಳು ನನ್ನ ಹಳೇ ಹೆಸರನ್ನು ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದಳು. ಒಳಗೆ ಎರಡೇ ನಿಮಿಷ. "ಇದು ನಮ್ಮಲ್ಲಿ ಮಾಡಲ್ಲ." ಸಂಜೆ ಅದೇ ಘಟ್ಟ ಇಳಿದು ಬಂದೆ. ಒಂದು ಫೋನ್ ಮಾಡಿದ್ದರೆ ಆ ದಿನ ಉಳಿಯುತ್ತಿತ್ತು.

ಇದು 18 ವರ್ಷ ತುಂಬಿದ, ಮೈಯನ್ನು ತಮ್ಮ ಲಿಂಗತ್ವಕ್ಕೆ ಹೊಂದಿಸುವ ಹಾರ್ಮೋನ್ ಔಷಧ ಬೇಕು ಅನ್ನುವ ಟ್ರಾನ್ಸ್ ಜನರಿಗೆ ಬರೆದದ್ದು. ಅದಕ್ಕಿಂತ ಚಿಕ್ಕವರಾದರೆ ಪೋಷಕರ ಒಪ್ಪಿಗೆ, ಮಕ್ಕಳ ಹಾರ್ಮೋನ್ ತಜ್ಞರು ಎಲ್ಲ ಬೇಕು, ಅದರ ದಾರಿಯೇ ಬೇರೆ. ಯಾವ ಮಾತ್ರೆ, ಎಷ್ಟು ಡೋಸ್ ಅಂತ ನಾನು ಹೇಳುವುದಿಲ್ಲ. ಅದು ಡಾಕ್ಟರ್ ಕೆಲಸ. ಆ ಡಾಕ್ಟರ್ ತನಕ ತಲುಪುವುದು ಹೇಗೆ ಅನ್ನುವುದಷ್ಟೇ ಇಲ್ಲಿರುವುದು.

## ಕೈಯಲ್ಲಿ ಇರಬೇಕಾದದ್ದು

ಒಂದು ಪ್ಲಾಸ್ಟಿಕ್ ಫೈಲು, ಒಂದು ನೋಟ್‌ಬುಕ್, ಆಧಾರ್ ಜೆರಾಕ್ಸ್, ಮನೆಯವರು ತೆಗೆದು ನೋಡದ ಒಂದು ಫೋನ್ ನಂಬರ್. ಕೊನೆಯದು ಎಲ್ಲಕ್ಕಿಂತ ಮುಖ್ಯ. ಲ್ಯಾಬಿನವರು ಈಗ ರಿಪೋರ್ಟನ್ನು ವಾಟ್ಸಾಪಿಗೆ ಕಳಿಸುತ್ತಾರೆ. ಅಪ್ಪನ ನಂಬರ್ ಕೊಟ್ಟು ಸಿಕ್ಕಿಬಿದ್ದವರು ಇದ್ದಾರೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಆರೋಗ್ಯದ ಕಥೆ ಬರೆಯಿರಿ. ಬಿಪಿ, ಶುಗರ್, ಮೈಗ್ರೇನ್, ಕಾಮಾಲೆ ಬಂದಿತ್ತಾ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲಿ ಹಾರ್ಟ್ ಅಟ್ಯಾಕ್ ಅಥವಾ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಸಿಗರೇಟು ಎಷ್ಟು, ಈಗ ಯಾವ ಮಾತ್ರೆ ತಗೊಳ್ತಿದ್ದೀರಿ. ಎಚ್‌ಐವಿ ಮಾತ್ರೆ, ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಬರೆಯಿರಿ. ಕೆಲವು ಔಷಧಗಳು ಹಾರ್ಮೋನ್ ಜೊತೆ ಹೊಂದುವುದಿಲ್ಲ.

## ಹಂತ 1: ಯಾವ ಡಾಕ್ಟರ್ ಬೇಕು ಅಂತ ತಿಳಿದುಕೊಳ್ಳಿ

ಹಾರ್ಮೋನ್ ತಜ್ಞರಿಗೆ ಎಂಡೋಕ್ರೈನಾಲಜಿಸ್ಟ್ ಅನ್ನುತ್ತಾರೆ. ಬೋರ್ಡಿನಲ್ಲಿ ಎಂಡಿ ಆದಮೇಲೆ ಡಿಎಂ ಅಥವಾ ಡಿಆರ್‌ಎನ್‌ಬಿ ಎಂಡೋಕ್ರೈನಾಲಜಿ ಅಂತ ಇರುತ್ತದೆ. ಇವರ ಹತ್ತಿರ ಬರುವವರಲ್ಲಿ ಹೆಚ್ಚಿನವರು ಶುಗರ್, ಥೈರಾಯ್ಡ್ ರೋಗಿಗಳು. ಹಾಗಾಗಿ ಬೋರ್ಡಿನಲ್ಲಿ "ಮಧುಮೇಹ ಮತ್ತು ಥೈರಾಯ್ಡ್" ಅಂತ ಕಂಡರೆ ಇವರಲ್ಲ ಅಂದುಕೊಂಡು ದಾಟಿ ಹೋಗಬೇಡಿ, ಡಿಗ್ರಿ ನೋಡಿ. ಆದರೆ ಮಧುಮೇಹ ತಜ್ಞರೆಲ್ಲ ಎಂಡೋಕ್ರೈನಾಲಜಿಸ್ಟ್ ಅಲ್ಲ. ಶುಗರ್ ಕೋರ್ಸ್ ಮಾತ್ರ ಮಾಡಿದವರೂ ಇದ್ದಾರೆ.

ಅನುಭವ ಇರುವ ಜನರಲ್ ಮೆಡಿಸಿನ್ ಎಂಡಿ ಅಥವಾ ಸ್ತ್ರೀರೋಗ ತಜ್ಞರೂ ಈ ಚಿಕಿತ್ಸೆ ಕೊಡಬಹುದು. ದೊಡ್ಡ ಡಿಗ್ರಿ ಇದ್ದೂ ಒಬ್ಬ ಟ್ರಾನ್ಸ್ ರೋಗಿಯನ್ನೂ ನೋಡದವರಿಗಿಂತ, ಐದಾರು ಜನರನ್ನು ವರ್ಷಗಟ್ಟಲೆ ನೋಡಿದ ಎಂಡಿ ಡಾಕ್ಟರೇ ವಾಸಿ. ಇದು ನನ್ನ ಅಭಿಪ್ರಾಯ.

ಯಾರ ಹತ್ತಿರ ಹೋಗಬಾರದು? ಬಸ್ ಸ್ಟ್ಯಾಂಡ್ ಗೋಡೆಯಲ್ಲಿ "ಗುಪ್ತ ಸಮಸ್ಯೆಗಳಿಗೆ ಸಂಪರ್ಕಿಸಿ, ಪ್ರತಿ ತಿಂಗಳು ಇಂಥ ಲಾಡ್ಜಿನಲ್ಲಿ" ಅಂತ ಚೀಟಿ ಅಂಟಿಸುವವರ ಹತ್ತಿರ. ಅವರ ಪುಡಿಯಲ್ಲಿ ಏನಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ.

## ಹಂತ 2: ನಿಮ್ಮ ದಿಕ್ಕು ಆರಿಸಿ

ನಮ್ಮ ಜಿಲ್ಲೆಯ ಕಷ್ಟ ಗೊತ್ತೇ ಇದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿ ಗಂಟಲು ಒಣಗಿದೆ. ಹಾಗಾಗಿ ಮೂರು ದಿಕ್ಕು ನೋಡಬೇಕು.

ಭಟ್ಕಳ, ಹೊನ್ನಾವರ, ಕುಮಟಾದವರಿಗೆ ದಕ್ಷಿಣ. ಭಟ್ಕಳದಿಂದ ಮಣಿಪಾಲ ಸುಮಾರು 100 ಕಿಲೋಮೀಟರ್, ಅಲ್ಲಿಂದ ಮುಂದೆ ಮಂಗಳೂರು. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಲ್ಲಿ ಎಂಡೋಕ್ರೈನಾಲಜಿ ವಿಭಾಗ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ–ಧಾರವಾಡ. ಶಿರಸಿಯಿಂದ ಹುಬ್ಬಳ್ಳಿಗೂ ಸುಮಾರು ನೂರೇ. ಕಾರವಾರ, ಅಂಕೋಲಾದವರಿಗೆ ಗೋವಾ ಹತ್ತಿರ. ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜಿಗೆ ನಮ್ಮ ಕಡೆಯವರು ಮೊದಲಿನಿಂದ ಹೋಗುತ್ತಾರೆ. ಆದರೆ ಗೋವಾದವರಲ್ಲದವರಿಗೆ ಅಲ್ಲಿ ದುಡ್ಡು ಕಟ್ಟಬೇಕು, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ದಾರಿಯನ್ನು ಜನ ಮರೆಯುತ್ತಾರೆ. ದೊಡ್ಡ ಊರಿನ ತಜ್ಞರು ತಿಂಗಳಿಗೊಮ್ಮೆ, ಹದಿನೈದು ದಿನಕ್ಕೊಮ್ಮೆ ನಮ್ಮ ಕಡೆಯ ನರ್ಸಿಂಗ್ ಹೋಮ್‌ಗಳಿಗೆ ಬರುತ್ತಾರೆ. ಪೇಪರಿನಲ್ಲಿ ಸಣ್ಣ ಜಾಹೀರಾತು ಬರುತ್ತದೆ, ಮೆಡಿಕಲ್ ಶಾಪಿನ ಗಾಜಿಗೆ ಚೀಟಿ ಅಂಟಿಸಿರುತ್ತಾರೆ. ಮೊದಲ ಭೇಟಿಗೆ ಆಗದಿದ್ದರೂ ಮುಂದಿನ ಭೇಟಿಗಳಿಗೆ ಇದು ಅನುಕೂಲ.

ಬಸ್ ಖರ್ಚಿನ ವಿಷಯ. ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ, 2023ರ ಜೂನ್‌ನಿಂದ. ಗುರುತಿನ ಚೀಟಿ ಬೇಕು. ಗೋವಾಕ್ಕೆ ಹೋಗುವ ಬಸ್ಸಿಗೆ ಇದು ನಡೆಯುವುದಿಲ್ಲ. ಕಾರವಾರದವರು ಎಷ್ಟೋ ಸಲ ಗೋವಾ ಬಿಟ್ಟು ಅರಬೈಲ್ ಘಟ್ಟ ಹತ್ತುವುದು ಇದೇ ಕಾರಣಕ್ಕೆ.

ಪಟ್ಟಿಯಲ್ಲಿ ಕನಿಷ್ಠ ಐದು ಹೆಸರು ಬರೆಯಿರಿ. ಒಂದೇ ಹೆಸರು ಹಿಡಿದುಕೊಂಡು ಕೂತರೆ, ಅವರು ಇಲ್ಲ ಅಂದ ದಿನ ಮನಸ್ಸು ಒಡೆಯುತ್ತದೆ. ಈಗಾಗಲೇ ಚಿಕಿತ್ಸೆಯಲ್ಲಿರುವ ಟ್ರಾನ್ಸ್ ಗೆಳೆಯರನ್ನು ಕೇಳಿ. "ಯಾವ ಡಾಕ್ಟ್ರು" ಅಂತ ಮಾತ್ರ ಅಲ್ಲ, "ಎಷ್ಟು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸ್ತಾರೆ" ಅಂತಲೂ ಕೇಳಿ. "ಅದೆಲ್ಲ ಏನೂ ಇಲ್ಲ, ಇಂಜೆಕ್ಷನ್ ಹಾಕಿ ಕಳಿಸ್ತಾರೆ" ಅಂದರೆ ಆ ಹೆಸರಿಗೆ ಗೆರೆ ಹೊಡೆಯಿರಿ.

## ಹಂತ 3: ಫೋನ್ ಮಾಡಿ (ಹೆಚ್ಚಿನವರು ಬಿಡುವುದು ಇದನ್ನೇ)

ನಾಚಿಕೆ ಆಗುತ್ತದೆ, ನಿಜ. ಆದರೆ ಮುಖ ಕಾಣದ ಫೋನಿನಲ್ಲಿ ಆಗುವ ನಾಚಿಕೆ, ತುಂಬಿದ ಓಪಿಡಿಯಲ್ಲಿ ಆಗುವ ನಾಚಿಕೆಗಿಂತ ಎಷ್ಟೋ ಕಮ್ಮಿ. ಬೆಳಗ್ಗೆ ಓಪಿಡಿ ಗಲಾಟೆಯಲ್ಲಿ ಮಾಡಬೇಡಿ. ಮಧ್ಯಾಹ್ನ ಊಟವಾದ ಮೇಲೆ ಮಾಡಿ, ಆಗ ಮಾತಾಡಲು ಪುರಸೊತ್ತು ಇರುತ್ತದೆ. ಅಂಗಡಿಯಲ್ಲಿ, ಮನೆಯಲ್ಲಿ ನಿಂತು ಮಾಡಬೇಡಿ. ನಾನು ಕಡಲ ದಂಡೆಗೆ ಹೋಗಿ ಮಾಡುತ್ತಿದ್ದೆ. ಅಲೆ ಸದ್ದಿಗೆ ಪಕ್ಕದವರಿಗೆ ಕೇಳುವುದಿಲ್ಲ, ಆದರೆ ಆ ಕಡೆಯವರಿಗೂ ಕೇಳುವುದಿಲ್ಲ, ಅದೊಂದು ತಮಾಷೆ.

ಹೀಗೆ ಹೇಳಿ: "ನಾನು ಟ್ರಾನ್ಸ್‌ಜೆಂಡರ್ ವ್ಯಕ್ತಿ. ಹಾರ್ಮೋನ್ ಚಿಕಿತ್ಸೆ ಶುರು ಮಾಡಬೇಕು. ನಿಮ್ಮ ಎಂಡೋಕ್ರೈನಾಲಜಿ ಡಾಕ್ಟರ್ ಈ ಚಿಕಿತ್ಸೆ ಕೊಡ್ತಾರಾ? ಕೇಳಿ ಹೇಳ್ತೀರಾ? ನಾನು ಮತ್ತೆ ಫೋನ್ ಮಾಡ್ತೀನಿ."

ಆ ಕೊನೆಯ ಎರಡು ಮಾತು ಬಿಡಬೇಡಿ. ಫೋನ್ ಎತ್ತಿದವರಿಗೆ ಉತ್ತರ ಗೊತ್ತಿರುವುದಿಲ್ಲ, ಗೊತ್ತಿಲ್ಲ ಅನ್ನುವ ಬದಲು "ಬನ್ನಿ ಬನ್ನಿ" ಅಂದುಬಿಡುತ್ತಾರೆ. ಆ "ಬನ್ನಿ"ಯನ್ನು ನಂಬಿ ಬಸ್ ಹತ್ತಬೇಡಿ. ಡಾಕ್ಟರನ್ನು ಕೇಳಿ ಹೇಳಿದ್ದಾ, ಸುಮ್ನೆ ಹೇಳಿದ್ದಾ ಅಂತ ಖಚಿತ ಮಾಡಿಕೊಳ್ಳಿ.

ಹೌದು ಅಂದರೆ ಮುಂದಿನ ಪ್ರಶ್ನೆಗಳು: ಡಾಕ್ಟರ್ ಯಾವ ದಿನ ಇರುತ್ತಾರೆ, ಫೀಸ್ ಎಷ್ಟು, ಮನೋವೈದ್ಯರ ಪತ್ರ ಬೇಕಾ, ಯಾವ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಬೇಕು, ಆಮೇಲೆ ವಿಡಿಯೊ ಕಾಲ್‌ನಲ್ಲಿ ನೋಡುತ್ತಾರಾ. ಉತ್ತರ, ದಿನಾಂಕ, ಮಾತಾಡಿದವರ ಹೆಸರು ನೋಟ್‌ಬುಕ್ಕಿಗೆ ಹೋಗಲಿ. "ನಿನ್ನೆ ಇಂಥವರು ಹೇಳಿದ್ರು" ಅಂದರೆ ಕೌಂಟರಿನಲ್ಲಿ ಧ್ವನಿಯೇ ಬದಲಾಗುತ್ತದೆ.

ಸರ್ಕಾರದ ಯಾವುದೋ ಕಾರ್ಡ್ ನಿಮ್ಮ ಹತ್ತಿರ ಇದ್ದರೆ ಅದು ಈ ಆಸ್ಪತ್ರೆಯಲ್ಲಿ, ಈ ಚಿಕಿತ್ಸೆಗೆ ನಡೆಯುತ್ತದಾ ಅಂತಲೂ ಈಗಲೇ ಕೇಳಿ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯಲ್ಲಿ ಹಾರ್ಮೋನ್ ಚಿಕಿತ್ಸೆ, ಕೌನ್ಸೆಲಿಂಗ್ ಸೌಲಭ್ಯದ ಮಾತು ಇದೆ. ಕಾಗದದಲ್ಲಿ ಇರುವುದು ಬೇರೆ, ಕೌಂಟರಿನಲ್ಲಿ ನಡೆಯುವುದು ಬೇರೆ ಅಲ್ವಾ.

## ಹಂತ 4: ಪತ್ರ ಮಾಡಿಸಿಕೊಳ್ಳಿ

ಹೆಚ್ಚಿನ ಹಾರ್ಮೋನ್ ತಜ್ಞರು ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್‌ರ ಒಂದು ಪತ್ರ ಕೇಳುತ್ತಾರೆ. "ಜೆಂಡರ್ ಇನ್‌ಕಾಂಗ್ರುಯೆನ್ಸ್" (ಹುಟ್ಟಿದಾಗ ಬರೆಸಿದ ಲಿಂಗಕ್ಕೂ ಒಳಗಿನ ಲಿಂಗತ್ವಕ್ಕೂ ಹೊಂದಿಕೆ ಇಲ್ಲದಿರುವುದು) ಇದೆ, ಈ ವ್ಯಕ್ತಿ ಚಿಕಿತ್ಸೆಯ ಲಾಭ–ನಷ್ಟ ಅರ್ಥ ಮಾಡಿಕೊಂಡಿದ್ದಾರೆ ಅಂತ ಅದರಲ್ಲಿ ಇರಬೇಕು. ಇದರ ಅರ್ಥ ನಿಮಗೆ ಹುಚ್ಚು ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ತೆಗೆದಿದ್ದಾರೆ.

ಇದಕ್ಕೆ ದೂರ ಹೋಗಬೇಕಿಲ್ಲ. ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಘಟ್ಟದ ಮೇಲಿನವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಒಂದೇ ಭೇಟಿಯಲ್ಲಿ ಪತ್ರ ಸಿಗುತ್ತದೆ ಅಂದುಕೊಳ್ಳಬೇಡಿ, ಎರಡು ಮೂರು ಸಲ ಕರೆಯುವುದು ಸಾಮಾನ್ಯ. ಪತ್ರ ಲೆಟರ್‌ಹೆಡ್ ಮೇಲಿರಲಿ, ಸಹಿಯ ಕೆಳಗೆ ನೋಂದಣಿ ಸಂಖ್ಯೆ ಇರಲಿ, ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ. ನೀವು ಕರೆಸಿಕೊಳ್ಳುವ ಹೆಸರನ್ನು ಪಕ್ಕದಲ್ಲಿ ಬರೆಸಿ. ಪತ್ರದಲ್ಲಿ ಒಂದು ಹೆಸರು, ಲ್ಯಾಬ್ ರಿಪೋರ್ಟಿನಲ್ಲಿ ಇನ್ನೊಂದು ಹೆಸರು ಇದ್ದು ವಾಪಸ್ ಬಂದವರು ಕಮ್ಮಿಯಿಲ್ಲ.

ಎಚ್ಚರಿಕೆಯ ಗಂಟೆ: "ಮದುವೆ ಮಾಡ್ಕೋ, ಸರಿಹೋಗತ್ತೆ" ಅಂದರೆ, ನಿಮ್ಮನ್ನು "ಸರಿ ಮಾಡುವ" ಮಾತ್ರೆ ಬರೆದರೆ, ಅಲ್ಲಿಂದ ಎದ್ದು ಬನ್ನಿ. ಇಂಥ "ಬದಲಾಯಿಸುವ" ಚಿಕಿತ್ಸೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. 18 ದಾಟಿದವರಿಗೆ "ಅಪ್ಪ ಅಮ್ಮನ ಸಹಿ ತಗೊಂಡು ಬಾ" ಅನ್ನುವುದೂ ಸರಿಯಲ್ಲ.

## ಹಂತ 5: ರಕ್ತ ಪರೀಕ್ಷೆ ಊರಲ್ಲೇ ಮುಗಿಸಿ

ಫೋನಿನಲ್ಲಿ ಪಟ್ಟಿ ಕೊಟ್ಟಿದ್ದರೆ ಅದರಂತೆ ಮಾಡಿಸಿ. ಕೊಡದಿದ್ದರೆ ಸಾಮಾನ್ಯವಾಗಿ ಕೇಳುವುದು ಇವು: ರಕ್ತದ ಪೂರ್ತಿ ಎಣಿಕೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆ, ಪೊಟ್ಯಾಸಿಯಂ, ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್, ಟೆಸ್ಟೊಸ್ಟೆರಾನ್ (ಗಂಡು ಹಾರ್ಮೋನ್), ಎಸ್ಟ್ರಾಡಯಾಲ್ (ಹೆಣ್ಣು ಹಾರ್ಮೋನ್), ಪ್ರೊಲ್ಯಾಕ್ಟಿನ್, ಥೈರಾಯ್ಡ್.

ಹಿಂದಿನ ರಾತ್ರಿ ಊಟದ ನಂತರ ನೀರು ಬಿಟ್ಟು ಏನೂ ಬೇಡ. ಟೆಸ್ಟೊಸ್ಟೆರಾನ್ ಬೆಳಗ್ಗೆ ಜಾಸ್ತಿ ಇದ್ದು ಸಂಜೆಗೆ ಇಳಿಯುತ್ತದೆ. ಹಾಗಾಗಿ 10 ಗಂಟೆಯ ಒಳಗೆ ರಕ್ತ ಕೊಡಿ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಅದು ಹಾರ್ಮೋನ್ ಲೆಕ್ಕವನ್ನೇ ತಪ್ಪಿಸಬಹುದು. ಸಣ್ಣ ಲ್ಯಾಬ್‌ಗಳು ಹಾರ್ಮೋನ್ ಸ್ಯಾಂಪಲನ್ನು ಹೊರಗೆ ಕಳಿಸುತ್ತವೆ. ರಿಪೋರ್ಟಿಗೆ ಎರಡು ಮೂರು ದಿನ ಬೇಕು. ಅಪಾಯಿಂಟ್‌ಮೆಂಟಿನ ಹಿಂದಿನ ದಿನ ಓಡಬೇಡಿ.

ಇನ್ನು ಗುಟ್ಟಿನ ವಿಚಾರ. ನಮ್ಮ ಊರುಗಳಲ್ಲಿ ಲ್ಯಾಬಿನ ಹುಡುಗ ನಿಮ್ಮ ಚಿಕ್ಕಪ್ಪನ ಮಗನ ಕ್ಲಾಸ್‌ಮೇಟ್ ಆಗಿರುತ್ತಾನೆ. ಹೊನ್ನಾವರದವರು ಕುಮಟಾಕ್ಕೆ ಬಂದು ಕೊಡಿ, ಕುಮಟಾದವರು ಅಂಕೋಲಾಕ್ಕೆ ಹೋಗಿ. ಮುಂದಿನ ಸಲವೂ ಅದೇ ಲ್ಯಾಬಿಗೆ ಹೋಗುವುದು ಒಳ್ಳೇದು. ಲ್ಯಾಬ್ ಬದಲಾದರೆ ಅಂಕಿ ಹೋಲಿಸುವುದು ಕಷ್ಟ.

## ಹಂತ 6: ಮಕ್ಕಳ ವಿಚಾರ ಈಗಲೇ ಯೋಚಿಸಿ

ಹಾರ್ಮೋನ್ ಶುರುವಾದ ಮೇಲೆ ಮಕ್ಕಳಾಗುವ ಶಕ್ತಿ ಕುಗ್ಗಬಹುದು, ವಾಪಸ್ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ವೀರ್ಯ ಅಥವಾ ಅಂಡಾಣು ಶೇಖರಿಸುವುದಿದ್ದರೆ ಮೊದಲ ಮಾತ್ರೆಗಿಂತ ಮುಂಚೆ. ಟ್ರಾನ್ಸ್ ಪುರುಷರಿಗೆ ಒಂದು ಮಾತು: ಟೆಸ್ಟೊಸ್ಟೆರಾನ್ ಗರ್ಭನಿರೋಧಕ ಅಲ್ಲ. ಮುಟ್ಟು ನಿಂತರೂ ಗರ್ಭ ನಿಲ್ಲಬಹುದು, ಆಗ ಆ ಔಷಧ ಮಗುವಿಗೆ ಅಪಾಯ.

## ಹಂತ 7: ಈಗ ಬಸ್ ಹತ್ತಿ

ಹಿಂದಿನ ದಿನ ಮತ್ತೆ ಫೋನ್ ಮಾಡಿ, ಡಾಕ್ಟರ್ ರಜೆ ಇಲ್ಲ ತಾನೇ ಅಂತ ಕೇಳಿ. ಫೈಲಿನಲ್ಲಿ ಮೇಲಿಂದ ಕ್ರಮವಾಗಿ ಪತ್ರ, ರಿಪೋರ್ಟು, ಆಧಾರ್ ಜೋಡಿಸಿ. ಒಬ್ಬ ಗೆಳೆಯ ಗೆಳತಿ ಜೊತೆಗಿದ್ದರೆ ಒಳ್ಳೇದು. ಒಳಗೆ ಹೇಳಿದ ಅರ್ಧ ಮಾತು ಗಾಬರಿಯಲ್ಲಿ ಮರೆತೇ ಹೋಗುತ್ತದೆ.

ಕೌಂಟರಿನಲ್ಲಿ ಚೀಟಿ ಮಾಡಿಸುವಾಗಲೇ "ಟೋಕನ್ ನಂಬರ್ ಕರೆದ್ರೆ ಸಾಕು, ಹೆಸರು ಬೇಡ" ಅಂತ ಮೆಲ್ಲಗೆ ಹೇಳಿ. ನನಗೆ ಇದು ಹೊಳೆದದ್ದು ಎರಡನೇ ಸಲ.

ಒಳಗೆ ಸುಳ್ಳು ಹೇಳಬೇಡಿ. ಅದರಲ್ಲೂ ಈಗಾಗಲೇ ಏನಾದರೂ ನುಂಗುತ್ತಿದ್ದರೆ. ನಮ್ಮಲ್ಲಿ ಎಷ್ಟೋ ಜನ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ದಿನಕ್ಕೆ ಎರಡು ಮೂರು ತಗೊಳ್ಳುತ್ತಾರೆ. ಅದರಲ್ಲಿರುವ ಎಥಿನೈಲ್ ಎಸ್ಟ್ರಾಡಯಾಲ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಅದಕ್ಕೇ ಈ ಚಿಕಿತ್ಸೆಗೆ ಡಾಕ್ಟರುಗಳು ಅದನ್ನು ಬಿಟ್ಟು ಸಾದಾ ಎಸ್ಟ್ರಾಡಯಾಲ್ ಕೊಡುತ್ತಾರೆ. ನನ್ನ ಗೆಳತಿಯೊಬ್ಬಳು ಆರು ತಿಂಗಳು ಹೀಗೆ ನುಂಗಿದಳು. ಒಂದು ದಿನ ಎಡಗಾಲಿನ ಮೀನಖಂಡ ಊದಿ, ಮುಟ್ಟಿದರೆ ಬಿಸಿ. ಮೀನು ಬುಟ್ಟಿ ಹೊತ್ತು ನಡೆದದ್ದಕ್ಕೆ ಅಂತ ಎಣ್ಣೆ ತಿಕ್ಕಿಕೊಂಡಳು. ನಾಲ್ಕನೇ ದಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಬದುಕಿದಳು. ಈಗಲೂ ಆ ಕಾಲಿಗೆ ಬಿಗಿ ಕಾಲುಚೀಲ.

ಕೇಳಲೇಬೇಕಾದ ಪ್ರಶ್ನೆಗಳು: ಔಷಧದ ಹೆಸರೇನು, ಏನು ಅಡ್ಡ ಪರಿಣಾಮ, ಮುಂದಿನ ರಕ್ತ ಪರೀಕ್ಷೆ ಯಾವಾಗ, ತುರ್ತಾದರೆ ಯಾರಿಗೆ ಫೋನ್ ಮಾಡಬೇಕು. ಮೊದಲ ವರ್ಷ ಸುಮಾರು ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ಪರೀಕ್ಷೆ ಮಾಡಿಸುವುದು ವಾಡಿಕೆ. ಗಂಡು ಹಾರ್ಮೋನ್ ತಡೆಯಲು ಸ್ಪೈರೊನೊಲ್ಯಾಕ್ಟೋನ್ ಕೊಟ್ಟರೆ ಪೊಟ್ಯಾಸಿಯಂ ನೋಡಬೇಕು. ಅದೇ ಕೆಲಸಕ್ಕೆ ಸೈಪ್ರೊಟೆರೋನ್ ಕೊಟ್ಟರೆ ಲಿವರ್, ಪ್ರೊಲ್ಯಾಕ್ಟಿನ್ ನೋಡಬೇಕು. ಟೆಸ್ಟೊಸ್ಟೆರಾನ್ ಆದರೆ ರಕ್ತ ದಪ್ಪವಾಗುತ್ತದಾ ಅಂತ ಹೆಮಟೋಕ್ರಿಟ್ ನೋಡುತ್ತಾರೆ. ಅದು ಶೇಕಡಾ 54 ದಾಟಿದರೆ ಡೋಸ್ ಬದಲಿಸುತ್ತಾರೆ.

### ಡಾಕ್ಟರ್ ಸರಿಯಿಲ್ಲ ಅನ್ನುವ ಗುರುತುಗಳು

ರಿಪೋರ್ಟ್ ನೋಡದೆ ಮೊದಲ ದಿನವೇ ಇಂಜೆಕ್ಷನ್ ಚುಚ್ಚುವುದು. ಹೆಸರಿಲ್ಲದ ಬಾಟಲಿ, ಲೇಬಲ್ ಕಿತ್ತ ವಯಲ್. ಚೀಟಿ ಬರೆಯದೆ ತಮ್ಮ ಹತ್ತಿರವೇ ಔಷಧ ಕೊಳ್ಳಿ ಅನ್ನುವುದು. ಚೀಟಿಯಲ್ಲಿ ನೋಂದಣಿ ಸಂಖ್ಯೆ ಇಲ್ಲದಿರುವುದು. ಕಾರಣ ಹೇಳದೆ ಬಟ್ಟೆ ಬಿಚ್ಚಿಸುವುದು. ಇವುಗಳಲ್ಲಿ ಒಂದು ಸಾಕು, ಪಟ್ಟಿಯ ಎರಡನೇ ಹೆಸರಿಗೆ ಹೋಗಿ.

"ಮೂರು ತಿಂಗಳಲ್ಲಿ ಪೂರ್ತಿ ಬದಲಾಗ್ತೀರಿ" ಅನ್ನುವವರೂ ಇದೇ ಗುಂಪು. ಟ್ರಾನ್ಸ್ ಮಹಿಳೆಯರಿಗೆ ಎದೆ ಬೆಳವಣಿಗೆ ಶುರುವಾಗಲು ಮೂರರಿಂದ ಆರು ತಿಂಗಳು, ಪೂರ್ತಿಯಾಗಲು ಎರಡು ಮೂರು ವರ್ಷ. ಹೆಣ್ಣು ಹಾರ್ಮೋನ್ ಈಸ್ಟ್ರೋಜನ್‌ನಿಂದ ಧ್ವನಿ ಬದಲಾಗುವುದಿಲ್ಲ. ಟ್ರಾನ್ಸ್ ಪುರುಷರ ಧ್ವನಿ ಒಡೆಯುತ್ತದೆ, ಒಡೆದ ಮೇಲೆ ಔಷಧ ನಿಲ್ಲಿಸಿದರೂ ಮೊದಲಿನಂತೆ ಆಗುವುದಿಲ್ಲ. ಡೋಸ್ ದುಪ್ಪಟ್ಟು ಮಾಡಿದರೆ ಬೇಗ ಆಗುತ್ತದೆ ಅನ್ನುವುದು ನಮ್ಮ ಜಮಾತಿನ, ಅಂದರೆ ಟ್ರಾನ್ಸ್ ಬಳಗದ, ಹಳೇ ನಂಬಿಕೆ. ಆಗುವುದಿಲ್ಲ, ಅಪಾಯ ಮಾತ್ರ ದುಪ್ಪಟ್ಟಾಗುತ್ತದೆ.

### ಮೈ ಕೊಡುವ ಎಚ್ಚರಿಕೆ

ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆ ನೋವು, ಹಿಂದೆಂದೂ ಬಾರದಂಥ ತಲೆನೋವು, ಕಣ್ಣು ಮಂಜಾಗುವುದು, ಮಾತು ತೊದಲುವುದು. ಇಷ್ಟರಲ್ಲಿ ಯಾವುದು ಬಂದರೂ 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. "ನಾನು ಹಾರ್ಮೋನ್ ತಗೊಳ್ತಿದ್ದೀನಿ" ಅಂತ ಅಲ್ಲಿ ಮೊದಲು ಹೇಳಿ. ಅಲ್ಲಿ ಮುಚ್ಚಿಟ್ಟರೆ ಡಾಕ್ಟರ್ ಬೇರೆ ಕಡೆ ಹುಡುಕುತ್ತಾ ಕೂರುತ್ತಾರೆ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅದೇ ದಿನ ನಿಮ್ಮ ಡಾಕ್ಟರಿಗೆ ತಿಳಿಸಿ. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.

## ಹಂತ 8: ಊರಲ್ಲೊಬ್ಬ ಡಾಕ್ಟರ್ ಇರಲಿ

ಮೂರು ತಿಂಗಳಿಗೊಮ್ಮೆ ಘಟ್ಟ ಹತ್ತಿ ಇಳಿದು ಸುಸ್ತಾಗಿ ಅರ್ಧಕ್ಕೆ ಬಿಟ್ಟವರನ್ನು ನೋಡಿದ್ದೇನೆ. ತಜ್ಞರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ: ಯಾವ ಔಷಧ, ಯಾವ ಪರೀಕ್ಷೆ, ಯಾವ ಅಂಕಿ ದಾಟಿದರೆ ತಿಳಿಸಬೇಕು. ಅದನ್ನು ಹಿಡಿದು ನಿಮ್ಮ ಊರಿನ ಎಂಡಿ ಡಾಕ್ಟರನ್ನು ನೋಡಿ. ಹೊಸದಾಗಿ ಶುರು ಮಾಡಿ ಅಂದರೆ ಹಿಂಜರಿಯುವವರು, ತಜ್ಞರು ಬರೆದುಕೊಟ್ಟದ್ದನ್ನು ನೋಡಿಕೊಳ್ಳಿ ಅಂದರೆ ಒಪ್ಪುತ್ತಾರೆ. ಬಿಪಿ ನೋಡುವುದು, ಇಂಜೆಕ್ಷನ್ ಹಾಕಿಸುವುದು ಇಲ್ಲೇ ಆಗಿಬಿಡುತ್ತದೆ. ರಿಪೋರ್ಟು ಕಳಿಸಿ ತಜ್ಞರ ಜೊತೆ ವಿಡಿಯೊದಲ್ಲಿ ಮಾತಾಡಿ. ಜೋಯಿಡಾ, ಸಿದ್ದಾಪುರದ ಒಳಗಿನ ಹಳ್ಳಿಯವರು ನೆಟ್‌ವರ್ಕ್ ಸಿಗುವ ಗುಡ್ಡವನ್ನು ಮೊದಲೇ ನೋಡಿಟ್ಟುಕೊಳ್ಳಿ.

ಔಷಧ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಹೇಳಿ ತರಿಸಿಕೊಳ್ಳಬೇಕು. ಮೂಲ ಚೀಟಿ ಮನೆಯಲ್ಲಿಡಿ, ಅದರ ಫೋಟೋ ಫೋನಿನಲ್ಲಿರಲಿ. ಬ್ರ್ಯಾಂಡ್ ಬದಲಾದರೆ ಒಳಗಿನ ಔಷಧದ ಹೆಸರು, ಮಿಲಿಗ್ರಾಂ ಎರಡೂ ಹೊಂದುತ್ತದಾ ನೋಡಿ ತಗೊಳ್ಳಿ.

ಮಳೆಗಾಲವನ್ನು ಮರೆಯಬೇಡಿ. 2024ರ ಜುಲೈನಲ್ಲಿ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್ ಆಗಿತ್ತು. ನಾನು ಮೇ ಕೊನೆಯಲ್ಲೇ ಡಾಕ್ಟರಿಗೆ ಹೇಳಿ ಒಂದು ತಿಂಗಳ ಔಷಧ ಜಾಸ್ತಿ ಬರೆಸಿಕೊಳ್ಳುತ್ತೇನೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಹಪ್ಪಳದ ಡಬ್ಬಿಯ ಪಕ್ಕದಲ್ಲಿ, ತೇವ ತಾಗದ ಮೇಲಿನ ಅಟ್ಟದಲ್ಲಿ ಇಡುತ್ತೇನೆ.